ಚಿನ್ನಪ್ಪ ಅಂತ ಹುಡುಕಬೇಡಿ

ಪತ್ರ: ನಮ್ಮ ಮುತ್ತಾತ ಚಿನ್ನಪ್ಪ, ಪ್ಲೇಗ್ ಬಂದ ವರ್ಷ ಶಿವಾಜಿನಗರದಲ್ಲಿ ತೀರಿಕೊಂಡರಂತೆ. ಕಲ್ಪಳ್ಳಿ ಸ್ಮಶಾನವನ್ನು ಎರಡು ಸಲ ಸುತ್ತಿದೆ, ಸಮಾಧಿ ಸಿಗಲಿಲ್ಲ. ಚರ್ಚಿನ ಪುಸ್ತಕದಲ್ಲೂ ಆ ಹೆಸರಿಲ್ಲ ಅಂದರು. ಇನ್ನೆಲ್ಲಿ ಹುಡುಕಲಿ?
– ಓದುಗರೊಬ್ಬರು, ಲಿಂಗರಾಜಪುರ

ಸಂಪಾದಕರ ಉತ್ತರ:

ಸದ್ಯಕ್ಕೆ ಸ್ಮಶಾನ ಸುತ್ತುವುದನ್ನು ಬಿಡಿ. ಮೊದಲು ಹೆಸರು ಸರಿಯಾಗಬೇಕು. ನಿಮ್ಮ ಮುತ್ತಾತ ಮನೆಯವರಿಗೆ ಚಿನ್ನಪ್ಪ. ಆದರೆ ಆ ಕಾಲದ ಕಥೋಲಿಕ ಪುಸ್ತಕಗಳನ್ನು ಪಾದ್ರಿಗಳು ಬರೆಯುತ್ತಿದ್ದದ್ದು ಲ್ಯಾಟಿನ್‌ನಲ್ಲಿ. ಸಂತ ಪೌಲರ ಹೆಸರಿಟ್ಟವರನ್ನು ನಮ್ಮ ಜನ ಚಿನ್ನಪ್ಪ ಅಂತ ಕರೆಯುತ್ತಿದ್ದರು, ಅಲ್ವಾ? ಹಾಗಾಗಿ ಪುಸ್ತಕದಲ್ಲಿ ಅವರು 'ಪೌಲುಸ್' ಆಗಿರಬಹುದು. ರಾಯಪ್ಪ ಅಂದರೆ ಪೇತ್ರುಸ್, ಇನ್ನಾಸಪ್ಪ ಅಂದರೆ ಇಗ್ನಾತಿಯುಸ್. 'ಆ ಹೆಸರಿಲ್ಲ' ಅಂದವರು ಸುಳ್ಳು ಹೇಳಿಲ್ಲ, ನೀವು ಕೇಳಿದ್ದನ್ನೇ ಹುಡುಕಿದ್ದಾರೆ.

'ಪ್ಲೇಗ್ ವರ್ಷ' ಅನ್ನುವುದನ್ನೂ ಜಾಸ್ತಿ ನಂಬಬೇಡಿ. ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟದ್ದು 1898ರ ಆಗಸ್ಟ್‌ನಲ್ಲಿ, ನಿಜ. ಆಮೇಲಿನ ವರ್ಷಗಳಲ್ಲೂ ಅದು ಮತ್ತೆ ಮತ್ತೆ ಬಂತು. ಇಲ್ಲಿ ಒಂದು ಉಪಾಯವಿದೆ. ನಿಮ್ಮ ತಾತನ ಮದುವೆಯ ದಾಖಲೆ ನೋಡಿ. ವರನ ತಂದೆಯ ಹೆಸರಿನ ಹಿಂದೆ 'ದೆಫುಂಕ್ತಿ' ಅಂತ ಇದ್ದರೆ, ಆ ಹೊತ್ತಿಗೆ ತಂದೆ ತೀರಿಕೊಂಡಿದ್ದರು ಅಂತ ಅರ್ಥ. ಆ ತಾರೀಕಿನಿಂದ ಮರಣದ ಪುಸ್ತಕವನ್ನು ಹಿಂದಕ್ಕೆ ತಿರುವುತ್ತಾ ಬನ್ನಿ. ತಾತನ ಜ್ಞಾನಸ್ನಾನದ ದಾಖಲೆ ಸಿಕ್ಕರೆ ಇನ್ನೂ ಒಳ್ಳೆಯದು, ಅಪ್ಪ ಅಮ್ಮ ಇಬ್ಬರ ಹೆಸರೂ ಅಲ್ಲಿರುತ್ತದೆ. ಆ ಕಾಲಕ್ಕೆ ಪೌಲುಸ್‌ಗಳು ಒಬ್ಬಿಬ್ಬರಲ್ಲ. ಹೆಂಡತಿಯ ಹೆಸರು ಗೊತ್ತಿದ್ದರೆ ನಿಮ್ಮವರು ಯಾರು ಅಂತ ಗುರುತಿಸಬಹುದು.

ತಿಂಗಳ ವಿಷಯದಲ್ಲಿ ನಾನೇ ಒಮ್ಮೆ ಬೇಸ್ತುಬಿದ್ದಿದ್ದೇನೆ. ಹಳೆಯ ಪುಟಗಳಲ್ಲಿ '7ಬ್ರಿಸ್' ಅಂತ ಬರೆದಿರುತ್ತಾರೆ. ಜುಲೈ ಅಂದುಕೊಂಡು ಅರ್ಧ ದಿನ ಸುಮ್ನೆ ಹಾಳು ಮಾಡಿಕೊಂಡೆ. ಲ್ಯಾಟಿನ್‌ನಲ್ಲಿ ಏಳಕ್ಕೆ 'ಸೆಪ್ಟೆಮ್' ಅನ್ನುತ್ತಾರೆ, ಅದು ಸೆಪ್ಟೆಂಬರ್! 8ಬ್ರಿಸ್ ಅಕ್ಟೋಬರ್, 9ಬ್ರಿಸ್ ನವೆಂಬರ್.

ಶಿವಾಜಿನಗರವೂ ಸೇರಿದ್ದ ದಂಡು ಪ್ರದೇಶದ (ಬ್ರಿಟಿಷರ ಕಂಟೋನ್ಮೆಂಟ್) ದಾಖಲೆಗಳೆಲ್ಲ ಲಂಡನ್‌ನಲ್ಲಿವೆ ಅಂತ ಯಾರಾದರೂ ಹೇಳಿಯಾರು. ಮದ್ರಾಸ್ ಪ್ರಾಂತ್ಯದ ಚರ್ಚುಗಳ ನಕಲು ಪ್ರತಿಗಳು ಬ್ರಿಟಿಷ್ ಲೈಬ್ರರಿಯಲ್ಲಿ ಇವೆ, ಬೆಂಗಳೂರು ದಂಡಿನವೂ ಅದರಲ್ಲಿ ಸೇರಿವೆ. ಆದರೆ ಅವು ಹೆಚ್ಚಾಗಿ ಯುರೋಪಿಯನ್ನರವು, ಆಂಗ್ಲೋ-ಇಂಡಿಯನ್ನರವು. ಅದಕ್ಕೆ ದುಡ್ಡು ಸುರಿಯಬೇಡಿ.

ತಾರೀಕು ಸಿಕ್ಕ ಮೇಲೆ ಕಲ್ಪಳ್ಳಿಯ ಕಚೇರಿಗೆ ಹೋಗಿ, ಆ ವರ್ಷದ ಪುಸ್ತಕ ಉಳಿದಿದೆಯೇ ಅಂತ ಕೇಳಿ. ಒಂದು ಮಾತಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಬಡವರ ಸಮಾಧಿಗೆ ಕಲ್ಲು ಇಡುತ್ತಿದ್ದದ್ದೇ ಕಡಿಮೆ. ಮಣ್ಣಿನ ಗುಂಡಿಯಾದರೆ ಕೆಲವು ವರ್ಷಗಳ ಮೇಲೆ ಅಲ್ಲೇ ಇನ್ನೊಬ್ಬರನ್ನು ಹೂಳುವುದೂ ಉಂಟು.

ಲ್ಯಾಟಿನ್ ಸಾಲು ಅರ್ಥವಾಗದಿದ್ದರೆ ಫೋಟೋ ಕಳಿಸಿ, ನೋಡೋಣ. ಫೋಟೋ ತೆಗೆಯುವ ಮುಂಚೆ ಫಾದರ್ ಅವರನ್ನು ಒಂದು ಮಾತು ಕೇಳಿ.