ನೆಂಟರ ಕಣ್ಣಿಗಾಗಿ ಕಟ್ಟುವ ಮನೆ

ಪ್ರಶ್ನೆ: ನನಗೆ ನಾಲ್ಕು ಎಕರೆ ರೊಬಸ್ಟಾ ಕಾಫಿ ತೋಟವೂ ಅಜ್ಜನ ಕಾಲದ ಹೆಂಚಿನ ಮನೆಯೂ ಇವೆ. ಸಾಲವಿಲ್ಲ, ಊಟಕ್ಕೆ ಕೊರತೆಯಿಲ್ಲ. ಆದರೆ ಅಕ್ಕಪಕ್ಕದವರು ಹೋಂಸ್ಟೇ ಕಟ್ಟಿ ದೊಡ್ಡ ಕಾರು ಕೊಂಡಿದ್ದಾರೆ. ಮದುವೆಮನೆಗೆ ಹೋದಲ್ಲೆಲ್ಲ ನೆಂಟರು, ‘ಇನ್ನೂ ಅದೇ ಮನೆಯಲ್ಲಿದ್ದೀಯಾ?’ ಎನ್ನುತ್ತಾರೆ. ಸಾಲ ಮಾಡಿಯಾದರೂ ಹೋಂಸ್ಟೇ ಕಟ್ಟಲೇ ಎಂಬ ಯೋಚನೆಯಲ್ಲಿ ನಿದ್ದೆ ಹತ್ತುತ್ತಿಲ್ಲ.
– ಓದುಗ, ವಿರಾಜಪೇಟೆ ತಾಲ್ಲೂಕು

ಉತ್ತರ: ಅತಿಥಿಗಳನ್ನು ಉಪಚರಿಸುವ ಆಸೆ ನಿಮಗಿದೆಯೆಂದು ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ಅಪರಿಚಿತರಿಗೆ ಬೆಳಗಿನ ಕಡುಬು, ರಾತ್ರಿಯ ಬಿಸಿನೀರು ಒದಗಿಸುವ ಆ ದುಡಿಮೆ ಇಷ್ಟವಿದ್ದವರಿಗೆ ಒಳ್ಳೆಯ ಕಸುಬು; ನೆಂಟರ ಬಾಯಿ ಮುಚ್ಚಿಸಲು ಹೊರಟವರಿಗೆ ಬರಿಯ ತಿಂಗಳ ಕಂತು.

2001–02ರ ಹೊತ್ತಿಗೆ ಕಾಫಿ ಬೆಲೆ ನೆಲಕಚ್ಚಿದಾಗ ಕೊಡಗಿನ ಬೆಳೆಗಾರರೇನೂ ಏಕಾಏಕಿ ಅಯೋಗ್ಯರಾಗಲಿಲ್ಲ. 2024ರಲ್ಲಿ 50 ಕೆ.ಜಿ. ರೊಬಸ್ಟಾ ಚೆರ್ರಿಯ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿನ, ಮೂಟೆ 10,000 ರೂಪಾಯಿ ದಾಟಿದಾಗ ಎಲ್ಲರೂ ಜಾಣರಾದರೆಂದೂ ಅಲ್ಲ, ದೂರದ ವಿಯೆಟ್ನಾಂನಲ್ಲಿ ಬರ ಬಿದ್ದದ್ದು ಅದಕ್ಕೊಂದು ದೊಡ್ಡ ಕಾರಣ. ಪಕ್ಕದ ಅಂಗಳದ ಕಾರಿನಲ್ಲಿ ಯಾರದೋ ಬತ್ತಿದ ತೋಟದ ಪಾಲೂ ಇರಬಹುದೆಂದು ನೆನೆದರೆ, ಅದನ್ನು ನಿಮ್ಮ ಯೋಗ್ಯತೆಯ ಅಳತೆಗೋಲಾಗಿ ಹಿಡಿಯಲು ಮನಸ್ಸು ಬಾರದು.

ಹೀಗೆ ಬರೆಯುತ್ತಿರುವ ನಾನೂ ಒಮ್ಮೆ ಮನೆಯಲ್ಲಿ ಮದುವೆಯಿದ್ದಾಗ, ಅಡುಗೆಮನೆಯ ಹೆಂಚು ಬದಲಿಸಲು ಎತ್ತಿಟ್ಟ ಹಣದಲ್ಲಿ ಮುಂದಿನ ಗೋಡೆಗೆ ಬಣ್ಣ ಹೊಡೆಸಿದ್ದೆ. ಬಣ್ಣವನ್ನು ಹೊಗಳಿದವರು ಉಂಡು ಹೋದರು. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಒಲೆಯ ಪಕ್ಕ ಪಾತ್ರೆಯಿಟ್ಟು, ಅದು ತುಂಬುವ ಸದ್ದಿಗೆ ರಾತ್ರಿ ಎರಡೆರಡು ಸಲ ಎದ್ದು ನೀರು ಚೆಲ್ಲಿದವಳು ನಾನು.

ಆದ್ದರಿಂದ, ಯಾರೂ ನೋಡುವವರಿಲ್ಲದಿದ್ದರೂ ಮಾಡಿಸುತ್ತಿದ್ದ ಕೆಲಸ ಯಾವುದೆಂದು ಯೋಚಿಸಿ, ಸೋರುವ ಮಾಡಾಗಲಿ ಮಕ್ಕಳ ಓದಾಗಲಿ, ಅದಕ್ಕೆ ಧಾರಾಳವಾಗಿ ಖರ್ಚು ಮಾಡಿ. ಇರುವುದರಲ್ಲಿ ತೃಪ್ತಿಪಡುವವನು ಏನನ್ನೂ ಬಯಸಬಾರದೆಂದು ನಾನು ನಂಬಿದವಳಲ್ಲ. ನಮ್ಮ ಸುಗ್ಗಿಹಬ್ಬವಾದ ಪುತ್ತರಿಯ ರಾತ್ರಿ ಗದ್ದೆಯಲ್ಲಿ ‘ಪೊಲಿ ಪೊಲಿ ದೇವಾ’ ಎಂದು ಕೂಗುವಾಗ ಕೇಳುವುದು ಹೆಚ್ಚಲಿ ಎಂದೇ. ಸಮೃದ್ಧಿಯನ್ನು ಬಯಸಲು ಹಿರಿಯರು ನಾಚಿದವರಲ್ಲ. ಆದರೆ ಆ ಕೂಗು ದೇವರಿಗೆ, ಪಕ್ಕದ ಗದ್ದೆಯವನಿಗಲ್ಲ.

ಇನ್ನು ನೆಂಟರ ಪ್ರಶ್ನೆ. ಮುಂದಿನ ಮದುವೆಯಲ್ಲಿ ಕೇಳಿದರೆ, ‘ಹೌದು, ಅದೇ ಮನೆ’ ಎಂದು ಹೇಳಿ, ಅವರ ತೋಟದಲ್ಲಿ ಈ ಸಲ ಕರಿಮೆಣಸಿನ ಬಳ್ಳಿ ಹೇಗಿದೆ ಎಂದು ವಿಚಾರಿಸಿ. ಕಾಫಿಯವರಿಗೆ ಮೆಣಸಿನ ಮಾತು ಸಿಕ್ಕಿದರೆ ಊಟದ ಪಂಕ್ತಿ ಏಳುವವರೆಗೂ ಮುಗಿಯುವುದಿಲ್ಲ.