ಎಕ್ಸ್‌ರೇ ಜೋಡಿ ನಕ್ಷತ್ರಗಳು ಸುತ್ತುವ ಅವಧಿ ಅಳೆಯೋಕೆ ಯಾವ ವಿಧಾನ ಒಳ್ಳೆಯದು?

ಎಫ್‌ಎಫ್‌ಟಿ ಬಳಸಲಾ, ಲಾಂಬ್-ಸ್ಕಾರ್ಗಲ್ ಬಳಸಲಾ ಅಂತ ಕೇಳಿದ್ದೀರಿ. ಎರಡೂ ಡೇಟಾದಲ್ಲಿ ಮತ್ತೆ ಮತ್ತೆ ಬರುವ ಏರಿಳಿತದ ಅವಧಿ ಹುಡುಕುವ ಲೆಕ್ಕದ ವಿಧಾನಗಳು; ಅವಧಿ ಇರುವ ಕಡೆ ಗ್ರಾಫಿನಲ್ಲಿ ಶಿಖರ ಏಳುತ್ತದೆ. ಎಂಎಸ್ಸಿ ಪ್ರಾಜೆಕ್ಟ್ ಮಾಡುವಾಗ ಮೈಸೂರಿನ ಸರಸ್ವತಿಪುರಂ ರೂಮಿನಲ್ಲಿ ಕೂತು ನಾನೂ ಇದನ್ನೇ ತಲೆಗೆ ಹಚ್ಚಿಕೊಂಡಿದ್ದೆ. ಮೂರು ತಿಂಗಳು ಹೋಯಿತು. ಕೇಳಬೇಕಾದ ಪ್ರಶ್ನೆ ಅದಾಗಿರಲಿಲ್ಲ.

ನಾನು ಆರಿಸಿಕೊಂಡಿದ್ದು 4ಯು 1916-053 ಅನ್ನುವ ಜೋಡಿ. ಅಲ್ಲಿ ನ್ಯೂಟ್ರಾನ್ ನಕ್ಷತ್ರಕ್ಕೆ (ಸತ್ತ ದೊಡ್ಡ ನಕ್ಷತ್ರದ ದಟ್ಟ ತಿರುಳು) ಪುಟ್ಟ ಜೊತೆಗಾರ ನಕ್ಷತ್ರವಿದೆ. ಒಂದು ಸುತ್ತಿಗೆ ಬರೀ 50 ನಿಮಿಷ. ಪ್ರತಿ ಸುತ್ತಿನಲ್ಲೂ ನ್ಯೂಟ್ರಾನ್ ನಕ್ಷತ್ರದ ಸುತ್ತಲಿನ ಅನಿಲದ ತಟ್ಟೆಯ ಅಂಚಿನ ಉಬ್ಬು ಅಡ್ಡ ಬಂದು ಎಕ್ಸ್‌ರೇ ಮಂಕಾಗುತ್ತದೆ. ಆರ್‌ಎಕ್ಸ್‌ಟಿಇ ಎಂಬ ಎಕ್ಸ್‌ರೇ ಉಪಗ್ರಹದ ಹಳೇ ಡೇಟಾ ಬಿಟ್ಟಿ ಸಿಗುತ್ತೆ. ಇಳಿಸಿಕೊಂಡೆ.

ಆ ಉಪಗ್ರಹ ಭೂಮಿಯನ್ನು ಸುಮಾರು 96 ನಿಮಿಷಕ್ಕೊಮ್ಮೆ ಸುತ್ತುತ್ತಿತ್ತು. ಪ್ರತಿ ಸಲ ಸ್ವಲ್ಪ ಹೊತ್ತು ಭೂಮಿಯೇ ಅಡ್ಡ. ಹಾಗಾಗಿ ಡೇಟಾ ತುಂಬಾ ತೂತು. ಎಫ್‌ಎಫ್‌ಟಿಗೆ ತೂತು ಇರಬಾರದು ಅಂತ ಅಲ್ಲೆಲ್ಲ ಸೊನ್ನೆ ತುಂಬಿದೆ. ನನ್ನ ತಪ್ಪು ಅದೇ. 96 ನಿಮಿಷದಲ್ಲಿ ದೊಡ್ಡ ಶಿಖರ ಬಂತು. ಅದು ಉಪಗ್ರಹದ್ದು ಅಂತ ಗೊತ್ತಿತ್ತು, ಬಿಟ್ಟೆ. ಇನ್ನೊಂದು 48ರಲ್ಲಿ ಎದ್ದಿತ್ತು. 50ಕ್ಕೆ ಎಷ್ಟು ಹತ್ತಿರ ಅಲ್ವಾ! ಇದೇ ಜೋಡಿಗೆ ಎಕ್ಸ್‌ರೇಯಲ್ಲಿ 3000 ಸೆಕೆಂಡ್, ಕಣ್ಣಿಗೆ ಕಾಣುವ ಬೆಳಕಿನಲ್ಲಿ 3027 ಸೆಕೆಂಡ್ ಅಂತ ಓದಿದ್ದೆ. ಸಣ್ಣ ವ್ಯತ್ಯಾಸ ಸಹಜ ಅಂದುಕೊಂಡು, ಅವಧಿ ಕುಗ್ಗುತ್ತಿದೆ ಎಂದು ವರದಿ ಬರೆದೇಬಿಟ್ಟೆ.

ಗೈಡ್ ಮೇಡಂ ಓದಿ ಒಂದೇ ಮಾತು ಹೇಳಿದರು: "ಇದನ್ನ ಎರಡರಿಂದ ಗುಣಿಸಿ ನೋಡಪ್ಪ."

96. ಸರದಿಯಂತೆ ಬರುವ ಸೊನ್ನೆಗಳು ತಮ್ಮ ಅವಧಿಯಲ್ಲಷ್ಟೇ ಅಲ್ಲ, ಅದರ ಅರ್ಧದಲ್ಲಿ, ಮೂರರಲ್ಲೊಂದು ಪಾಲಿನಲ್ಲಿ ಕೂಡ ಶಿಖರ ಎಬ್ಬಿಸುತ್ತವೆ. ಮಂಡ್ಯದ ಕಡೆ ನಮ್ಮ ಹೊಲದಲ್ಲಿ ತ್ರೀ ಫೇಸ್ ಕರೆಂಟ್ ಬಂದಾಗ ಮಾತ್ರ ಪಂಪ್‌ಸೆಟ್ ಓಡುತ್ತದೆ. ನೀರು ಬರುವ ಹೊತ್ತು ಬರೆದಿಟ್ಟು ಇದು ಬೋರ್‌ವೆಲ್ ಗುಣ ಅಂದರೆ ಅಪ್ಪ ಒಪ್ಪುತ್ತಾರಾ? ನಾನು ಮಾಡಿದ್ದು ಅದನ್ನೇ. ಆ ವರ್ಷದ ಪಿಎಚ್‌ಡಿ ಸಂದರ್ಶನಕ್ಕೆ ತೋರಿಸಲು ಕೈಯಲ್ಲಿ ಏನೂ ಉಳಿಯಲಿಲ್ಲ.

ಅದಕ್ಕೇ ಹೇಳುವುದು, ವಿಧಾನದ ಚಿಂತೆ ಆಮೇಲೆ. ಲಾಂಬ್-ಸ್ಕಾರ್ಗಲ್‌ಗೆ ಸೊನ್ನೆ ತುಂಬಬೇಕಿಲ್ಲ, ನಿಜ. ಆದರೆ ತೂತುಗಳ ನೆರಳು ಅದರಲ್ಲೂ ಬೀಳುತ್ತದೆ. ನಿಮ್ಮ ಡೇಟಾದ ಸಮಯಗಳನ್ನೇ ಇಟ್ಟುಕೊಂಡು, ಬೆಳಕು ಬದಲಾಗದ ಸುಳ್ಳು ನಕ್ಷತ್ರವೊಂದನ್ನು ಮಾಡಿ, ತೂತಿರುವಲ್ಲಿ ಸೊನ್ನೆ ತುಂಬಿ ಎಫ್‌ಎಫ್‌ಟಿಗೆ ಕೊಡಿ. ಅದರಲ್ಲಿ ಏಳುವ ಶಿಖರಗಳೆಲ್ಲ ತೂತಿನವು. ಯುರೋಪಿನ ಎಕ್ಸ್‌ರೇ ಉಪಗ್ರಹ ಎಕ್ಸೊಸ್ಯಾಟ್ ಯಾಕೆ ಅಷ್ಟು ಅವಧಿಗಳನ್ನು ಹಿಡಿಯಿತು ಗೊತ್ತಾ? ಅದರ ಒಂದು ಸುತ್ತಿಗೆ ಸುಮಾರು 90 ಗಂಟೆ, ನಡುವೆ ತೂತಿಲ್ಲದೆ ನೋಡಬಹುದಿತ್ತು. 4ಯು 1820-30 ಎಂಬ ಇನ್ನೊಂದು ಜೋಡಿಯ 685 ಸೆಕೆಂಡ್ ಅವಧಿ 1987ರಲ್ಲಿ ಸಿಕ್ಕಿದ್ದು ಅದರ ಡೇಟಾದಲ್ಲೇ.

ಸಮಯವನ್ನು ಸೌರವ್ಯೂಹದ ಗುರುತ್ವ ಕೇಂದ್ರಕ್ಕೆ ತಿದ್ದುವುದನ್ನು ಮರೆಯಬೇಡಿ. ಭೂಮಿಯ ಓಡಾಟದಿಂದಲೇ ನಕ್ಷತ್ರದ ಬೆಳಕು ನಮಗೆ ತಲುಪುವ ಹೊತ್ತು ಎಂಟು ನಿಮಿಷದಷ್ಟು ಹಿಂದೆಮುಂದೆ ಆಗುತ್ತದೆ.

ಮೊದಲು ಇಎಕ್ಸ್‌ಒ 0748-676 ಅನ್ನುವ ಜೋಡಿಯನ್ನು ಹಿಡಿಯಿರಿ. 3.82 ಗಂಟೆಗೊಮ್ಮೆ ಎಂಟು ನಿಮಿಷದ ಪೂರ್ತಿ ಗ್ರಹಣ. ಗ್ರಾಫ್ ಹಾಳೆಯಲ್ಲಿ ಕೈಯಿಂದಲೇ ಗುರುತು ಹಾಕಬಹುದು. ಆ ಗುರುತು ನಿಮ್ಮ ಪ್ರೋಗ್ರಾಂ ಕೊಟ್ಟ ಉತ್ತರಕ್ಕೆ ತಾಳೆಯಾದ ಮೇಲೆ 4ಯು 1916-053ಕ್ಕೆ ಬನ್ನಿ.