ಭಾಷಾಶಾಸ್ತ್ರದಿಂದ ಫ್ಯಾಷನ್ ಪತ್ರಿಕೆಗೆ

ಪ್ರಶ್ನೆ: ರಷ್ಯಾದ ‘ವೋಗ್’ ಪತ್ರಿಕೆಯ ಮೊದಲ ಸಂಪಾದಕಿ ಯಾರು? ಅವರು ವಸ್ತ್ರವಿನ್ಯಾಸವನ್ನೇ ಓದಿದವರೇ?

ಉತ್ತರ: ಅವರ ಹೆಸರು ಅಲ್ಯೋನಾ ದೊಲೆತ್ಸ್ಕಾಯಾ. ಅವರು 1955ರಲ್ಲಿ ಮಾಸ್ಕೋದಲ್ಲಿ ಜನಿಸಿದರು. ಅವರ ತಂದೆ ಸ್ತಾನಿಸ್ಲಾವ್ ದೊಲೆತ್ಸ್ಕಿ ಸೋವಿಯತ್ ಕಾಲದ ಹೆಸರಾಂತ ಮಕ್ಕಳ ಶಸ್ತ್ರವೈದ್ಯರು. ಮಗಳು ಓದಿದ್ದು ವೈದ್ಯಕೀಯವನ್ನೂ ಅಲ್ಲ, ವಸ್ತ್ರವಿನ್ಯಾಸವನ್ನೂ ಅಲ್ಲ. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಭಾಷೆ ಮತ್ತು ಸಾಹಿತ್ಯವನ್ನು. ಪದಗಳ ತೂಕವನ್ನು ಅರಿಯುವ ಈ ಶಿಕ್ಷಣವೇ ಅವರ ಸಂಪಾದಕತ್ವಕ್ಕೆ ಅಡಿಪಾಯವಾಯಿತೆಂದು ನನಗೆ ಅನ್ನಿಸುತ್ತದೆ.

ಪತ್ರಿಕೆ ಹೊರಬಂದ ಗಳಿಗೆ ಮಾತ್ರ ಬಹಳ ಕಠಿಣವಾದುದು. 1998ರ ಆಗಸ್ಟ್ 17ರಂದು ರಷ್ಯಾ ಸರ್ಕಾರ ರೂಬಲ್‌ನ ಮೌಲ್ಯವನ್ನು ಕುಸಿಯಲು ಬಿಟ್ಟು, ತನ್ನ ಆಂತರಿಕ ಸಾಲದ ಮರುಪಾವತಿಯನ್ನು ನಿಲ್ಲಿಸಿತು. ಬ್ಯಾಂಕುಗಳು ಮುಳುಗಿ ಜನರ ಉಳಿತಾಯ ಕರಗುತ್ತಿದ್ದ ಆ ದಿನಗಳಲ್ಲಿಯೇ, ದುಬಾರಿ ಉಡುಪುಗಳ ಪತ್ರಿಕೆಯ ಮೊದಲ ಸಂಚಿಕೆ ಸೆಪ್ಟೆಂಬರ್ ತಿಂಗಳದ್ದಾಗಿ ಮಾರುಕಟ್ಟೆಗೆ ಬಂದಿತು. ‘ರಷ್ಯಾದಲ್ಲಿ, ಕೊನೆಗೂ’ ಎಂಬುದು ಅದರ ಮುಖಪುಟದ ಘೋಷಣೆಯಾಗಿತ್ತು. ಜಾಹೀರಾತನ್ನೇ ನೆಚ್ಚಿಕೊಂಡ ಇಂತಹ ಪತ್ರಿಕೆಗೆ ಆರ್ಥಿಕ ಬಿಕ್ಕಟ್ಟಿಗಿಂತ ದೊಡ್ಡ ಹೊಡೆತ ಬೇರೊಂದಿಲ್ಲ. ಆದರೂ ಪತ್ರಿಕೆ ಉಳಿಯಿತು, ದೊಲೆತ್ಸ್ಕಾಯಾ ಹನ್ನೆರಡು ವರ್ಷ ಅದನ್ನು ಮುನ್ನಡೆಸಿದರು. ವಿದೇಶಿ ಮೂಲದ ಪ್ರತಿಯಷ್ಟೇ ಆಗದೆ, ಪತ್ರಿಕೆಗೆ ರಷ್ಯನ್ ಓದುಗರದೇ ಆದ ದನಿ ದೊರೆತದ್ದನ್ನು ಅವರ ನಿಜವಾದ ಸಾಧನೆಯೆಂದು ನಾನು ಎಣಿಸುತ್ತೇನೆ.

2010ರಲ್ಲಿ ಅವರು ಹುದ್ದೆಯನ್ನು ತೊರೆದರು; ಮುಂದೆ ‘ಇಂಟರ್‌ವ್ಯೂ’ ಪತ್ರಿಕೆಯ ರಷ್ಯನ್ ಆವೃತ್ತಿಯ ಸಂಪಾದಕಿಯಾದರು. ಅವರು ಕಟ್ಟಿದ ರಷ್ಯನ್ ‘ವೋಗ್’, ಉಕ್ರೇನ್ ಯುದ್ಧ ಆರಂಭವಾದ ಬಳಿಕ, 2022ರಲ್ಲಿ ಪ್ರಕಟಣೆಯನ್ನು ನಿಲ್ಲಿಸಿತು.